ಇಂಪ್ಲಾಂಟ್ ಸರ್ಜರಿ ಆದ ಮೇಲಿನ ನೋವು: ಮಾತ್ರೆ ಅರ್ಧ, ಕೈಗೆ ರಜೆ ಇನ್ನರ್ಧ

ಬ್ರೆಸ್ಟ್ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಮೊದಲ ವಾರ ಜಾಸ್ತಿ ನೋಯುವುದು ಹೊಲಿಗೆ ಅಲ್ಲ. ಹೊಲಿಗೆ ಸಾಮಾನ್ಯವಾಗಿ ಎದೆಯ ಕೆಳಗಿನ ಮಡಿಕೆಯಲ್ಲಿ ಇರುತ್ತದೆ, ನಾಲ್ಕೈದು ಸೆಂಟಿಮೀಟರ್ ಅಷ್ಟೇ, ಸುತ್ತಲಿನ ಚರ್ಮ ಜೋಮು ಹಿಡಿದಿರುವುದರಿಂದ ಅಷ್ಟಾಗಿ ಗೊತ್ತೂ ಆಗುವುದಿಲ್ಲ. ನೋಯುವುದು ಎದೆಯ ಸ್ನಾಯು. ಪೆಕ್ಟೊರಾಲಿಸ್ ಅಂತ ಅದರ ಹೆಸರು. ಇಂಪ್ಲಾಂಟನ್ನು ಬಹಳ ಸಲ ಈ ಸ್ನಾಯುವಿನ ಅಡಿಯಲ್ಲಿ ಇಡುತ್ತಾರೆ, ಅದಕ್ಕೆ ಸ್ನಾಯುವನ್ನು ಕೆಳಭಾಗದಲ್ಲಿ ಒಂದಿಷ್ಟು ಬಿಡಿಸಬೇಕಾಗುತ್ತದೆ, ಬಿಡಿಸಿದ ಮೇಲೆ ಅದು ಇಂಪ್ಲಾಂಟ್ ಮೇಲೆ ಬಿಗಿಯಾಗಿ ಹಿಗ್ಗಿ ಕೂರುತ್ತದೆ. ಎದೆ ಮೇಲೆ ಯಾರೋ ಹತ್ತಿ ಕೂತ ಹಾಗಿದೆ ಅಂತ ಆಪರೇಷನ್ ಆದವರು ಹೇಳುತ್ತಾರಲ್ಲ, ಆ ಭಾರ ಇದೇ.

ಈಗ ಈ ಸ್ನಾಯು ದಿನಾ ಮಾಡುವ ಕೆಲಸ ನೋಡಿ. ತಳ್ಳುವುದು, ಎಳೆಯುವುದು, ಒತ್ತುವುದು. ಕುಕ್ಕರ್ ಮುಚ್ಚಳ ತೆಗೆಯುವುದು, ಚಪಾತಿ ಹಿಟ್ಟು ನಾದುವುದು, ಮುದ್ದೆ ತಿರುವುವುದು, ಒದ್ದೆ ಬಟ್ಟೆ ಹಿಂಡುವುದು, ಕೈ ಊರಿ ಹಾಸಿಗೆಯಿಂದ ಏಳುವುದು. ಇದೆಲ್ಲ ಎದೆಯ ಕೆಲಸ ಅಂತ ಆಪರೇಷನ್ ಆಗುವವರೆಗೆ ಯಾರಿಗೂ ಅನಿಸಿರುವುದಿಲ್ಲ. ಅದಕ್ಕೇ ನನ್ನ ಲೆಕ್ಕ ಇಷ್ಟು: ಅರ್ಧ ನೋವನ್ನು ಮಾತ್ರೆ ನೋಡಿಕೊಳ್ಳುತ್ತದೆ, ಉಳಿದರ್ಧ ನೀವು ಕೈಗೆ ಎಷ್ಟು ರಜೆ ಕೊಡುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ನನಗೂ ಈ ಆಪರೇಷನ್ ಆಗಿದೆ, ಆಮೇಲೆ ನನ್ನ ಅಕ್ಕನ ಮಗಳಿಗೆ ಆದಾಗ ಆಸ್ಪತ್ರೆಯಲ್ಲೂ ಮನೆಯಲ್ಲೂ ಜೊತೆಗಿದ್ದೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಸರ್ಜನ್ ಬರೆದುಕೊಟ್ಟ ಚೀಟಿಗೂ ಇಲ್ಲಿ ಬರೆದಿರುವುದಕ್ಕೂ ವ್ಯತ್ಯಾಸ ಕಂಡರೆ ಚೀಟಿಯ ಪ್ರಕಾರವೇ ಹೋಗಿ.

ಅಡ್ಮಿಟ್ ಆಗುವ ಮೊದಲು

ಸರ್ಜನ್ ಹತ್ತಿರ ಮೂರು ವಿಷಯ ಕೇಳಿಕೊಳ್ಳಿ. ಒಂದು, ಇಂಪ್ಲಾಂಟ್ ಸ್ನಾಯುವಿನ ಮೇಲೋ ಅಡಿಯೋ? ಮೇಲೆ ಇಟ್ಟರೆ ನೋವು ಸಾಮಾನ್ಯವಾಗಿ ಕಡಿಮೆ, ಬೇಗ ಇಳಿಯುತ್ತದೆ. ಅಡಿಯಲ್ಲಿ ಇಟ್ಟರೆ ಮೊದಲ ಮೂರ್ನಾಲ್ಕು ದಿನ ಗಟ್ಟಿಯಾಗಿ ನೋಯುತ್ತದೆ ಅಂತ ಮನಸ್ಸು ಮಾಡಿಕೊಂಡೇ ಹೋಗಿ. ಎರಡು, ನರಕ್ಕೆ ಬ್ಲಾಕ್ ಕೊಡುತ್ತೀರಾ? ಪೆಕ್ಸ್ ಬ್ಲಾಕ್ ಅಂತ ಒಂದಿದೆ, ಅನಸ್ತೇಶಿಯಾ ಡಾಕ್ಟರ್ ಅಲ್ಟ್ರಾಸೌಂಡ್ ನೋಡಿಕೊಂಡು ಎದೆಯ ಸ್ನಾಯುಗಳ ಮಧ್ಯೆ ಮರಗಟ್ಟಿಸುವ ಔಷಧಿ ಬಿಡುತ್ತಾರೆ, ಎದ್ದ ತಕ್ಷಣದ ನೋವು ಎಷ್ಟೋ ಕಡಿಮೆ ಆಗುತ್ತದೆ. ಆದರೆ ಇದರಲ್ಲಿ ಒಂದು ಸಮಸ್ಯೆ ಇದೆ. ಬ್ಲಾಕ್ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಬೆಳಗ್ಗೆ ಆಪರೇಷನ್ ಆದವರಿಗೆ ಬಹುತೇಕ ರಾತ್ರಿ ಹೊತ್ತಿಗೆ. "ಅಯ್ಯೋ ನನಗೆ ನೋವೇ ಇಲ್ಲ" ಅಂತ ಸಂಜೆಯ ಮಾತ್ರೆ ಬಿಟ್ಟವರು ಮಧ್ಯರಾತ್ರಿ ನರ್ಸನ್ನು ಕೂಗುವುದು ಇದೇ ಕಾರಣಕ್ಕೆ. ಬ್ಲಾಕ್ ಇಳಿಯುವ ಮೊದಲೇ ಮಾತ್ರೆ ಹೊಟ್ಟೆಯಲ್ಲಿರಬೇಕು. ಮೂರು, ರಾತ್ರಿ ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಲಿ? ರಿಸೆಪ್ಷನ್ ನಂಬರ್ ಅಲ್ಲ, ರಾತ್ರಿ ಎತ್ತುವ ನಂಬರ್.

ಮನೆಯಲ್ಲಿ ಮಾಡಿಡುವ ಕೆಲಸವೂ ಇದೆ. ದಿನಾ ಬೇಕಾಗುವ ಪಾತ್ರೆ, ಕಾಫಿಪುಡಿ, ಸಕ್ಕರೆ, ಸೋಪು, ಟವೆಲ್, ಚಾರ್ಜರ್ ಎಲ್ಲವನ್ನೂ ಸೊಂಟದ ಎತ್ತರಕ್ಕೆ ಇಳಿಸಿಡಿ. ಮೇಲಿನ ಶೆಲ್ಫಿಗೆ ಕೈ ಎತ್ತುವ ಸಂದರ್ಭವೇ ಬರಬಾರದು. ಬಿಗಿ ಮುಚ್ಚಳದ ಡಬ್ಬಿಗಳನ್ನು ಸಡಿಲ ಮಾಡಿಡಿ. ಬಟ್ಟೆಗೆ ದುಬಾರಿ ಏನೂ ಬೇಡ, ಮುಂದೆ ಮೇಲಿಂದ ಕೆಳಗಿನವರೆಗೆ ಪೂರ್ತಿ ತೆರೆದುಕೊಳ್ಳುವ ನೈಟಿ ಎರಡು ಮೂರು ತಂದಿಡಿ. ತಲೆಯ ಮೇಲಿಂದ ಹಾಕುವ ಕುರ್ತಾ, ಟೀ ಶರ್ಟ್ ಎರಡು ವಾರ ಮರೆತುಬಿಡಿ. ಗಂಡನ ಹಳೇ ಅಂಗಿ ಕೂಡ ನಡೆಯುತ್ತದೆ. ಹೋಗುವ ಹಿಂದಿನ ದಿನ ತಲೆಸ್ನಾನ ಮಾಡಿ, ಕೂದಲು ಉದ್ದ ಇದ್ದರೆ ಜಡೆ ಹೆಣೆಸಿಕೊಳ್ಳಿ. ಆಮೇಲೆ ಸ್ವಲ್ಪ ದಿನ ಬೇರೆಯವರೇ ಬಾಚಬೇಕು.

ಹಬ್ಬದ ಹಿಂದೆ ಮುಂದೆ ಡೇಟ್ ತೆಗೆದುಕೊಳ್ಳಬೇಡಿ. ಗೌರಿ ಗಣೇಶ ಹತ್ತಿರ ಇರುವಾಗ ಮನೆಯಲ್ಲಿ ಸುಮ್ನೆ ಮಲಗಿರಲು ನಿಮಗೇ ಆಗುವುದಿಲ್ಲ, ಬೇರೆಯವರು ಬಿಡುವುದು ಆಮೇಲಿನ ಮಾತು.

ಯಾರಿಗೆ ಹೇಳಬೇಕು, ಯಾರಿಗೆ ಬೇಡ

ಇದನ್ನು ನೋವಿನ ಲೇಖನದಲ್ಲಿ ಯಾಕೆ ತಂದೆ ಅಂದರೆ, ನಮ್ಮ ಕಡೆ ಈ ಆಪರೇಷನ್ ಮಾಡಿಸಿಕೊಳ್ಳುವವರು ಎಷ್ಟೋ ಜನ ಮನೆಯಲ್ಲೇ ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ಬರುವುದು ಇನ್ನೂ ಜಾಸ್ತಿ ನೋವು. ಅತ್ತೆ ಊರಿಂದ ಬಂದಿದ್ದಾರೆ, ನೀವು ಮೂರನೇ ದಿನ ಹತ್ತು ಲೀಟರಿನ ಬಕೆಟ್ ಎತ್ತುತ್ತೀರಿ, ಯಾಕಂದರೆ ಎತ್ತದಿರಲು ಕಾರಣ ಹೇಳುವ ಹಾಗಿಲ್ಲ. ಊರಿಗೆಲ್ಲ ಹೇಳಬೇಕಾಗಿಲ್ಲ. ಆದರೆ ಜೊತೆಗಿರುವ ಒಬ್ಬರಿಗೆ, ಗಂಡನೋ ಅಕ್ಕನೋ ಗೆಳತಿಯೋ, ಪೂರ್ತಿ ವಿಷಯ ಗೊತ್ತಿರಲೇಬೇಕು. ಯಾವ ಮಾತ್ರೆ, ಯಾವ ಆಸ್ಪತ್ರೆ, ಏನಾದರೆ ಓಡಬೇಕು ಅಂತ ಅವರಿಗೂ ತಿಳಿದಿರಲಿ.

ಉಳಿದವರಿಗೆ "ಸಣ್ಣ ಆಪರೇಷನ್ ಆಗಿದೆ, ಭಾರ ಎತ್ತಬಾರದು ಅಂದಿದ್ದಾರೆ" ಅಂದರೆ ಸಾಕು. "ಗಡ್ಡೆ ತೆಗೆಸಿದ್ದು" ಅಂತ ಮಾತ್ರ ಸುಳ್ಳು ಹೇಳಬೇಡಿ. ಆ ಒಂದು ಪದಕ್ಕೆ ಇಡೀ ಬಳಗ ಹಣ್ಣು ಹಿಡಿದುಕೊಂಡು ಮನೆಗೆ ಬಂದು ಕೂರುತ್ತದೆ, ರಿಪೋರ್ಟ್ ಎಲ್ಲಿ ಅಂತ ಕೇಳುತ್ತದೆ.

ಮಾತ್ರೆಯ ವಿಷಯ

ಮೊದಲ ಎರಡು ಮೂರು ದಿನ ಮಾತ್ರೆಯನ್ನು ನೋವು ನೋಡಿ ತೆಗೆದುಕೊಳ್ಳಬೇಡಿ, ಗಡಿಯಾರ ನೋಡಿ ತೆಗೆದುಕೊಳ್ಳಿ. ತಡೆದುಕೊಳ್ಳುತ್ತೇನೆ ಅಂತ ಕೂತು, ತಾರಕಕ್ಕೇರಿದ ಮೇಲೆ ಮಾತ್ರೆ ನುಂಗಿದರೆ ಅದು ಕೆಲಸ ಮಾಡುವಷ್ಟರಲ್ಲಿ ಮುಕ್ಕಾಲು ಗಂಟೆ ಒದ್ದಾಡಬೇಕು. ಆ ಒದ್ದಾಟದಲ್ಲಿ ಮೈ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಸ್ನಾಯು ಇನ್ನಷ್ಟು ನೋಯುತ್ತದೆ. ಹೆರಿಗೆ ನೋವು ತಡೆದವಳು ನಾನು ಅನ್ನುವ ಹೆಮ್ಮೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಡಾಕ್ಟರ್ ಸಾಮಾನ್ಯವಾಗಿ ಒಂದೇ ಮಾತ್ರೆ ಬರೆಯುವುದಿಲ್ಲ, ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಎರಡು ಮೂರು ಸೇರಿಸಿ ಬರೆಯುತ್ತಾರೆ. ಪ್ಯಾರಸಿಟಮಾಲ್ ಬುನಾದಿ. ಅದರ ಜೊತೆ ಬಾವು ಇಳಿಸುವ ಮಾತ್ರೆ. ಕೆಲವು ಸರ್ಜನ್‌ಗಳು ರಕ್ತಸ್ರಾವದ ಭಯಕ್ಕೆ ಇದನ್ನು ಮೊದಲ ಕೆಲವು ದಿನ ಕೊಡುವುದಿಲ್ಲ, ಕೊಡದಿದ್ದರೆ ನೀವಾಗೇ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ. ಆಸ್ಪಿರಿನ್ ಅಂತೂ ಬೇಡವೇ ಬೇಡ. ನೋವು ಜಾಸ್ತಿ ಇರುವ ದಿನಗಳಿಗೆ ಟ್ರಮಡಾಲ್ ಇರುವ ಮಾತ್ರೆ. ಕೆಲವರಿಗೆ ಸ್ನಾಯು ಸಡಿಲ ಮಾಡುವ ಮಾತ್ರೆಯನ್ನೂ ಸೇರಿಸುತ್ತಾರೆ.

ಇಲ್ಲೊಂದು ಎಚ್ಚರಿಕೆ. ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಡೋಲೋ 650 ಅಂದರೆ 650 ಮಿಲಿಗ್ರಾಂ ಪ್ಯಾರಸಿಟಮಾಲ್, ಅದು ಎಲ್ಲರಿಗೂ ಗೊತ್ತು. ಆದರೆ ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ ಜೊತೆ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಇದೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆ ಮತ್ತೆ 325. ಹೆಸರಿನ ಕೊನೆಗೆ ಪಿ ಅಂತ ಇರುವ ಎಷ್ಟೋ ನೋವಿನ ಮಾತ್ರೆಗಳಲ್ಲಿ, ನೆಗಡಿ ಮಾತ್ರೆಗಳಲ್ಲಿ ಕೂಡ ಅದೇ ಕೂತಿರುತ್ತದೆ. ದಿನಕ್ಕೆ ನಾಲ್ಕು ಡೋಲೋ ಅಂದರೆ 2600. ಅದರ ಮೇಲೆ ಮೂರು ಅಲ್ಟ್ರಾಸೆಟ್, 975. ಸಂಜೆ ಯಾರೋ ಹೇಳಿದರು ಅಂತ ಎರಡು ಕಾಂಬಿಫ್ಲಾಮ್, 650. ಕೂಡಿಸಿ, 4225 ಆಯಿತು. ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ 4000 ಮಿಲಿಗ್ರಾಂ ಮೇಲ್ಮಿತಿ, ಎಷ್ಟೋ ಡಾಕ್ಟರ್‌ಗಳು 3000ಕ್ಕೇ ನಿಲ್ಲಿಸಿ ಅನ್ನುತ್ತಾರೆ, ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಮೂರು ಬೇರೆ ಬೇರೆ ಹೆಸರಿನ ಮಾತ್ರೆ ನುಂಗಿದ್ದೀರಿ ಅಂದುಕೊಂಡಿರುತ್ತೀರಿ, ಲಿವರ್‌ಗೆ ಹೋಗಿದ್ದು ಒಂದೇ ಔಷಧಿ. ಒಂದು ಹಾಳೆಯಲ್ಲಿ ಟೈಮ್, ಮಾತ್ರೆ ಅಂತ ಎರಡು ಕಾಲಂ ಹಾಕಿ ಫ್ರಿಜ್ ಬಾಗಿಲಿಗೆ ಅಂಟಿಸಿ, ನುಂಗಿದ ತಕ್ಷಣ ಬರೆಯಿರಿ. ಮಂಪರಿನಲ್ಲಿ ತೆಗೆದುಕೊಂಡೆನೋ ಇಲ್ಲವೋ ನೆನಪಿರುವುದಿಲ್ಲ.

ಟ್ರಮಡಾಲ್ ತಲೆ ತಿರುಗಿಸುತ್ತದೆ, ವಾಕರಿಕೆ ತರಿಸುತ್ತದೆ, ನಿದ್ದೆಗೆ ಎಳೆಯುತ್ತದೆ. ಅದರ ಜೊತೆ ಮದ್ಯ ಬೇಡ, ನಿದ್ದೆ ಮಾತ್ರೆ ಬೇಡ. ಡಿಪ್ರೆಶನ್‌ಗೋ ಆತಂಕಕ್ಕೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿ, ಮುಚ್ಚಿಡಬೇಡಿ, ಇವುಗಳಲ್ಲಿ ಯಾವುದೊಂದು ಇದ್ದರೂ ಟ್ರಮಡಾಲ್‌ನಿಂದ ಅಪಾಯ ಆಗಬಹುದು. ಅಸ್ತಮಾ, ಕಿಡ್ನಿ, ಹೊಟ್ಟೆ ಹುಣ್ಣು ಇರುವವರು ಬಾವಿನ ಮಾತ್ರೆ ಬಗ್ಗೆ ಹೇಳಬೇಕು. ಮಗುವಿಗೆ ಹಾಲು ಕೊಡುತ್ತಿರುವವರಿಗೆ ಟ್ರಮಡಾಲ್ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಹಾಲು ಬಿಡಿಸಿ ಕೆಲವು ತಿಂಗಳಾದ ಮೇಲೇ ಈ ಆಪರೇಷನ್ ಮಾಡುವುದು.

ಖಾಲಿ ಹೊಟ್ಟೆಯಲ್ಲಿ ಮಾತ್ರೆ ಬೇಡ. ಗಂಜಿ, ಇಡ್ಲಿ, ಮೊಸರನ್ನ, ಏನಾದರೂ ಎರಡು ತುತ್ತು ಒಳಗೆ ಹೋಗಲಿ. ವಾಂತಿ ಬರುವ ಹಾಗಿದ್ದರೆ ಅದಕ್ಕೂ ಮಾತ್ರೆ ಬರೆಸಿಕೊಳ್ಳಿ, ಯಾಕಂದರೆ ಈ ಎದೆಯಲ್ಲಿ ವಾಂತಿ ಮಾಡುವುದು ಬಹಳ ಕಷ್ಟ. ಕೆಮ್ಮು, ಸೀನು ಬಂದಾಗಲೂ ಅಷ್ಟೇ. ಒಂದು ಸಣ್ಣ ಮೆತ್ತನೆಯ ದಿಂಬು ಯಾವಾಗಲೂ ಪಕ್ಕದಲ್ಲಿರಲಿ, ಸೀನು ಬರುತ್ತಿದೆ ಅನಿಸಿದ ಕೂಡಲೇ ಅದನ್ನು ಎದೆಗೆ ಮೆಲ್ಲಗೆ ಅಪ್ಪಿಕೊಳ್ಳಿ.

ಮಾತ್ರೆ ಕಡಿಮೆ ಮಾಡುವಾಗ ಬಲವಾದದ್ದನ್ನು ಮೊದಲು ಬಿಡಿ. ಟ್ರಮಡಾಲ್ ಮೊದಲು, ಆಮೇಲೆ ಬಾವಿನ ಮಾತ್ರೆ, ಕೊನೆಗೆ ಪ್ಯಾರಸಿಟಮಾಲ್. ಹೆಚ್ಚಿನವರಿಗೆ ಮೊದಲ ವಾರ ಮುಗಿಯುವಷ್ಟರಲ್ಲಿ ಬರೀ ಪ್ಯಾರಸಿಟಮಾಲ್ ಸಾಕಾಗುತ್ತದೆ. ಆಂಟಿಬಯಾಟಿಕ್ ಬರೆದಿದ್ದರೆ ಅದು ಬೇರೆ ಲೆಕ್ಕ, ಹೇಳಿದಷ್ಟು ದಿನ ಮುಗಿಸಲೇಬೇಕು.

ಮಲಬದ್ಧತೆ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಟ್ರಮಡಾಲ್, ಅನಸ್ತೇಶಿಯಾ, ಓಡಾಟ ಇಲ್ಲದಿರುವುದು, ಮೂರೂ ಸೇರಿ ಹೊಟ್ಟೆ ಕಟ್ಟುತ್ತದೆ. ಮುಕ್ಕಿದರೆ ಎದೆಯೇ ಬಿರಿಯುವಷ್ಟು ನೋವು. ಮೊದಲ ದಿನದಿಂದಲೇ ನೀರು, ಪಪ್ಪಾಯ, ಸೊಪ್ಪಿನ ಸಾರು, ರಾತ್ರಿ ಇಸಬ್ಗೋಲು ದೊಡ್ಡ ಲೋಟ ನೀರಿನಲ್ಲಿ. ಎರಡು ದಿನ ಆದರೂ ಆಗಲಿಲ್ಲ ಅಂದರೆ ಸಿರಪ್ ಕೇಳಿ. ನಾಚಿಕೆ ಪಡುವ ವಿಷಯ ಅಲ್ಲ ಇದು.

ಮಲಗುವುದು, ಏಳುವುದು

ನೆಲದ ಮೇಲೆ ಚಾಪೆ ಹಾಸಿ ಮಲಗುವ ಅಭ್ಯಾಸ ಇದ್ದರೆ ಸ್ವಲ್ಪ ದಿನ ಮಂಚಕ್ಕೆ ಬನ್ನಿ. ನೆಲದಿಂದ ಕೈ ಊರದೆ ಏಳಲು ಆಗುವುದಿಲ್ಲ. ಅಂಗಾತ ಮಲಗಬೇಕು, ತಲೆ ಮತ್ತು ಬೆನ್ನಿನ ಮೇಲ್ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಅದರಿಂದ ಬಾವೂ ಬೇಗ ಇಳಿಯುತ್ತದೆ, ಏಳುವುದೂ ಸುಲಭ. ಬರೀ ತಲೆಯ ಕೆಳಗೆ ದಿಂಬು ಪೇರಿಸಿದರೆ ಕತ್ತು ಹಿಡಿದುಕೊಳ್ಳುತ್ತದೆ. ಸೊಂಟದಿಂದ ಶುರುಮಾಡಿ ಇಳಿಜಾರಿನ ಹಾಗೆ ಜೋಡಿಸಿ, ಮೊಣಕಾಲಿನ ಕೆಳಗೊಂದು, ಎರಡು ಮೊಣಕೈಗಳ ಕೆಳಗೆ ಒಂದೊಂದು. ಮೊಣಕೈ ಕೆಳಗಿನ ದಿಂಬನ್ನು ಜನ ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಆರಾಮ ಕೊಡುವುದು ಅದೇ. ತೋಳಿನ ಭಾರ ದಿಂಬಿಗೆ ಹೋದರೆ ಎದೆ ಸ್ನಾಯುವಿನ ಎಳೆತ ತಕ್ಷಣ ಸಡಿಲವಾಗುತ್ತದೆ.

ಏಳುವ ಕ್ರಮ ಹೀಗೆ. ಮೊದಲು ಮೊಣಕಾಲು ಮಡಚಿ. ಎರಡೂ ಕೈಯನ್ನು ಹೊಟ್ಟೆ ಮೇಲೆ ಇಟ್ಟುಕೊಳ್ಳಿ, ಅವು ಅಲ್ಲಿಂದ ಅಲ್ಲಾಡಬಾರದು. ಕಾಲನ್ನು ಮಂಚದ ಅಂಚಿಗೆ ಸರಿಸಿ, ಪಾದ ಕೆಳಗೆ ಬಿಡಿ. ಜೊತೆಗಿರುವವರು ಒಂದು ಅಂಗೈಯನ್ನು ನಿಮ್ಮ ಎರಡು ಭುಜದ ಎಲುಬುಗಳ ಮಧ್ಯೆ ಇಟ್ಟು ಹಿಂದಿನಿಂದ ಮೆಲ್ಲಗೆ ಎತ್ತಲಿ. ಕಾಲಿನ ಭಾರ ಕೆಳಗೆ ಎಳೆಯುತ್ತದೆ, ಬೆನ್ನು ಮೇಲೆ ಬರುತ್ತದೆ, ಅಷ್ಟೇ. ಕೈ ಹಿಡಿದು ಎಳೆದು ಎಬ್ಬಿಸಲು ಮಾತ್ರ ಬಿಡಬೇಡಿ. ಪ್ರೀತಿಯಿಂದಲೇ ಎಳೆಯುತ್ತಾರೆ, ಪ್ರಾಣ ಹೋದ ಹಾಗಾಗುತ್ತದೆ. ಎದ್ದ ಮೇಲೆ ಒಂದು ನಿಮಿಷ ಕೂತು, ತಲೆ ತಿರುಗುತ್ತಿಲ್ಲ ಅಂತ ನೋಡಿಕೊಂಡು ನಿಲ್ಲಿ.

ಬೆಳಗಿನ ಹೊತ್ತೇ ಎಲ್ಲಕ್ಕಿಂತ ಕಷ್ಟ. ರಾತ್ರಿಯೆಲ್ಲ ಅಲುಗಾಡದೆ ಇದ್ದು ಸ್ನಾಯು ಸೆಟೆದಿರುತ್ತದೆ, ಮಾತ್ರೆಯ ಪ್ರಭಾವವೂ ಇಳಿದಿರುತ್ತದೆ. ಮಂಚದ ಪಕ್ಕದಲ್ಲೇ ನೀರು, ಎರಡು ಬಿಸ್ಕತ್ತು, ಮಾತ್ರೆ ಇಟ್ಟುಕೊಳ್ಳಿ, ಎಚ್ಚರ ಆದ ಕೂಡಲೇ ತೆಗೆದುಕೊಂಡು ಇನ್ನೊಂದು ಅರ್ಧ ಗಂಟೆ ಅಲ್ಲೇ ಇರಿ. ಮಗ್ಗುಲಾಗಿ ಮಲಗುವುದು ಕೆಲವು ವಾರಗಳ ಮೇಲೆ, ಡಾಕ್ಟರ್ ಹೂಂ ಅಂದ ಮೇಲೆ. ಬೋರಲು ಮಲಗುವುದು ಇನ್ನೂ ದೂರ.

ದೇಶಿ ಟಾಯ್ಲೆಟ್ ಮಾತ್ರ ಇರುವ ಮನೆಯಾದರೆ ಮೊದಲೇ ಕಮೋಡ್ ಸ್ಟೂಲ್ ತರಿಸಿಡಿ. ಕುಕ್ಕರಗಾಲಿನಿಂದ ಗೋಡೆ ಒತ್ತಿಕೊಂಡು ಏಳುವುದು ಬೇಡ.

ಕೈಗೆ ರಜೆ ಅಂದರೆ

ಮೊದಲ ವಾರ ಮೊಣಕೈ ಸೊಂಟದ ಹತ್ತಿರವೇ ಇರಲಿ ಅಂತ ಅಂದುಕೊಳ್ಳಿ. ಊಟ ಮಾಡಿ, ಹಲ್ಲುಜ್ಜಿ, ಫೋನ್ ನೋಡಿ, ತೊಂದರೆ ಇಲ್ಲ. ಎರಡು ಕೆಜಿಗಿಂತ ಜಾಸ್ತಿ ಏನನ್ನೂ ಎತ್ತಬೇಡಿ, ಅಂದರೆ ಒಂದು ಲೀಟರಿನ ಹಾಲಿನ ಪ್ಯಾಕೆಟ್ ಎರಡು, ಅಲ್ಲಿಗೆ ಮುಗಿಯಿತು. ನೀರಿನ ಕ್ಯಾನು, ತುಂಬಿದ ಕುಕ್ಕರ್, ದೋಸೆ ಹಿಟ್ಟಿನ ಪಾತ್ರೆ, ಸಿಲಿಂಡರ್ ಯಾವುದೂ ನಿಮ್ಮದಲ್ಲ. ಕಸ ಗುಡಿಸುವುದು, ನೆಲ ಒರೆಸುವುದು, ಹಗ್ಗದ ಮೇಲೆ ಬಟ್ಟೆ ಹಾಕುವುದು ಕೂಡ ಇಲ್ಲ. ಬಲಗೈಯವರಿಗೆ ಬಲಗಡೆ ಎದೆ ಜಾಸ್ತಿ ನೋಯುವುದು ಸಾಮಾನ್ಯ, ಗೊತ್ತಿಲ್ಲದೆ ಕೆಲಸ ಮಾಡುವುದು ಆ ಕೈಯೇ ಅಲ್ವಾ.

ಸಣ್ಣ ಮಗು ಇರುವವರಿಗೆ ಇದು ನಿಜವಾಗಲೂ ಕಷ್ಟ. ಎತ್ತಿಕೋ ಅಂತ ಅಳುತ್ತದೆ. ನೀವು ಸೋಫಾದಲ್ಲಿ ಕೂತು ತೊಡೆ ಮೇಲೆ ದಿಂಬು ಇಟ್ಟುಕೊಳ್ಳಿ, ಬೇರೆಯವರು ಮಗುವನ್ನು ತಂದು ಕೂರಿಸಲಿ. ಮಗು ಎದೆಗೆ ಒದೆಯದ ಹಾಗೆ ಪಕ್ಕಕ್ಕೆ ತಿರುಗಿಸಿ.

ಸ್ನಾನಕ್ಕೆ ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೂ ಬಕೆಟ್ ಎತ್ತುವುದು, ಚೊಂಬು ತಲೆ ಮೇಲೆ ಸುರಿದುಕೊಳ್ಳುವುದು ಆಗುವುದಿಲ್ಲ. ಸ್ಟೂಲ್ ಮೇಲೆ ಕೂತುಕೊಳ್ಳಿ, ಬೇರೆಯವರು ಹಿಂದಿನಿಂದ ಹಾಕಲಿ. ತಲೆಸ್ನಾನಕ್ಕೆ ಪಾರ್ಲರ್‌ಗೆ ಹೋಗಿ ಹಿಂದಕ್ಕೆ ಒರಗಿ ತೊಳೆಸಿಕೊಂಡು ಬರುವುದು ಒಳ್ಳೆ ಉಪಾಯ.

ರಜೆ ಅಂದರೆ ಕೈಯನ್ನು ಕಟ್ಟಿ ಹಾಕುವುದಲ್ಲ. ಪೂರ್ತಿ ಅಲುಗಾಡಿಸದೆ ಇದ್ದರೆ ಭುಜ ಹಿಡಿದುಕೊಳ್ಳುತ್ತದೆ. ಎದೆ ಕಾಪಾಡಿಕೊಳ್ಳಲು ಎಲ್ಲರೂ ಗೂನು ಬೆನ್ನು ಮಾಡಿ ನಡೆಯುತ್ತಾರೆ, ನಾಲ್ಕನೇ ದಿನಕ್ಕೆ ಎದೆಗಿಂತ ಬೆನ್ನಿನ ಮೇಲ್ಭಾಗ, ಕತ್ತು ನೋಯಲು ಶುರು. ಗಂಟೆಗೊಮ್ಮೆ ಭುಜವನ್ನು ಮೇಲೆ, ಹಿಂದೆ, ಕೆಳಗೆ ನಿಧಾನ ತಿರುಗಿಸಿ. ಮನೆಯೊಳಗೆ ಓಡಾಡಿ, ಆಪರೇಷನ್ ಆದ ದಿನ ಸಂಜೆಯಿಂದಲೇ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಬಹಳ ಮುಖ್ಯ. ಆಳವಾಗಿ ಉಸಿರು ಎಳೆದು ಬಿಡಿ, ನೋವಿಗೆ ಹೆದರಿ ಮೇಲುಸಿರಿನಲ್ಲೇ ಇದ್ದರೆ ಕಫ ಕಟ್ಟುತ್ತದೆ, ಆಮೇಲೆ ಕೆಮ್ಮು.

ಶಾಖ, ಐಸ್, ಅರಿಶಿನ

ನೋವು ಅಂದ ಕೂಡಲೇ ಮನೆಯ ಹಿರಿಯರು ಬಿಸಿನೀರಿನ ಚೀಲ ತರುತ್ತಾರೆ. ಬೇಡ. ಮೊದಲ ದಿನಗಳಲ್ಲಿ ಶಾಖ ಬಾವು ಜಾಸ್ತಿ ಮಾಡುತ್ತದೆ, ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಚರ್ಮ ಜೋಮು ಹಿಡಿದಿರುವುದರಿಂದ ಸುಟ್ಟರೂ ಗೊತ್ತಾಗುವುದಿಲ್ಲ. ಐಸ್‌ಗೂ ಅದೇ ಮಾತು. ನಿಮ್ಮ ಸರ್ಜನ್ ಒಪ್ಪಿದರೆ ಮಾತ್ರ, ದಪ್ಪ ಬಟ್ಟೆಯಲ್ಲಿ ಸುತ್ತಿ, ಹತ್ತು ಹದಿನೈದು ನಿಮಿಷ, ಮೊಲೆತೊಟ್ಟಿನ ಮೇಲೆ ಇಡದೆ. ಇಟ್ಟುಕೊಂಡು ನಿದ್ದೆ ಹೋಗಬೇಡಿ. ಅರಿಶಿನ, ಕೊಬ್ಬರಿ ಎಣ್ಣೆ, ಬಾಮು ಯಾವುದೂ ಹೊಲಿಗೆ ಹತ್ತಿರ ಹೋಗಬಾರದು. ಬೆನ್ನು, ಕತ್ತು ನೋಯುತ್ತಿದ್ದರೆ ಅಲ್ಲಿ ಯಾರಾದರೂ ಮೆಲ್ಲಗೆ ನೀವಿ ಕೊಡಲಿ.

ಸರ್ಜಿಕಲ್ ಬ್ರಾ ಹಗಲು ರಾತ್ರಿ ಹಾಕಬೇಕು, ಹಲವು ಡಾಕ್ಟರ್‌ಗಳು ನಾಲ್ಕರಿಂದ ಆರು ವಾರ ಅನ್ನುತ್ತಾರೆ. ಮುಂದೆ ತೆರೆಯುವಂಥದ್ದು, ತಂತಿ ಇಲ್ಲದ್ದು. ಎರಡು ಬೇಕು, ಒಂದು ಒಗೆಯಲು ಹೋದಾಗ ಇನ್ನೊಂದು. ಚರ್ಮದ ಮೇಲೆ ಆಳವಾದ ಗೆರೆ ಮೂಡುವಷ್ಟು, ಉಸಿರಿಗೆ ಅಡ್ಡವಾಗುವಷ್ಟು ಬಿಗಿ ಇದ್ದರೆ ಅದು ನೋವು ಕಡಿಮೆ ಮಾಡುತ್ತಿಲ್ಲ, ನೋವು ಕೊಡುತ್ತಿದೆ. ಸೈಜ್ ಬದಲಿಸಲು ಹೇಳಿ. ಬೇಸಿಗೆಯಲ್ಲಿ ಬೆವರಿಗೆ ಕಡಿತ ಶುರುವಾದರೆ ಬ್ರಾ ಅಂಚಿನ ಕೆಳಗೆ ತೆಳ್ಳನೆಯ ಹತ್ತಿ ಬಟ್ಟೆ ಮಡಚಿ ಇಡಿ.

ವಿಚಿತ್ರ ಅನಿಸುವುವು, ಆದರೆ ಹೆದರಬೇಕಾಗಿಲ್ಲ

ಎರಡನೇ ವಾರದ ಹೊತ್ತಿಗೆ ಭಾರ ಇಳಿದು ಬೇರೆ ಥರದ ನೋವು ಬರುತ್ತದೆ. ಇದ್ದಕ್ಕಿದ್ದ ಹಾಗೆ ಸೆಕೆಂಡಿನಷ್ಟು ಹೊತ್ತು ಶಾಕ್ ಹೊಡೆದ ಹಾಗೆ ಚುಳ್ ಅನ್ನುತ್ತದೆ, ಉರಿಯುತ್ತದೆ, ಒಳಗೆಲ್ಲೋ ಕಡಿಯುತ್ತದೆ, ಕೆರೆದರೆ ಸಿಗುವುದಿಲ್ಲ. ಎಳೆದ ನರಗಳು ಮತ್ತೆ ಎಚ್ಚರಗೊಳ್ಳುವ ಲಕ್ಷಣ. ಮೊಲೆತೊಟ್ಟು ಒಂದೋ ಪೂರ್ತಿ ಮರಗಟ್ಟಿರುತ್ತದೆ, ಇಲ್ಲವೋ ನೈಟಿ ತಾಗಿದರೂ ಸಹಿಸಲಾಗದಷ್ಟು ಸೂಕ್ಷ್ಮ ಆಗಿರುತ್ತದೆ. ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಸ್ವಲ್ಪ ಜೋಮು ಉಳಿದೇಬಿಡುತ್ತದೆ. ಮೊದಲ ದಿನಗಳಲ್ಲಿ ತಿರುಗಿದರೆ ಒಳಗೆ ಗುಳುಗುಳು ಸದ್ದು ಕೇಳಬಹುದು, ಉಳಿದ ಗಾಳಿ ಮತ್ತು ನೀರು, ತಾನಾಗೇ ಇಂಗುತ್ತದೆ. ಎದೆ ಮೇಲಕ್ಕೆ ಏರಿ ಗಟ್ಟಿಯಾಗಿ ಕೂತಿರುತ್ತದೆ, ಎರಡೂ ಬದಿ ಒಂದೇ ಥರ ಇರುವುದಿಲ್ಲ, ಕನ್ನಡಿ ನೋಡಿ ಅಳುವವರೂ ಇದ್ದಾರೆ. ಸ್ನಾಯು ಸಡಿಲವಾಗಿ ಅದು ಕೆಳಗಿಳಿದು ಕೂರಲು ಮೂರರಿಂದ ಆರು ತಿಂಗಳು ಬೇಕು. ಕೆಲವರಿಗೆ ಎದೆಯ ಕೆಳಗೆ ಹೊಟ್ಟೆಯ ಕಡೆಗೆ ಒಂದು ಬಿಗಿಯಾದ ನರದಂಥ ಹುರಿ ಕಾಣಿಸಿಕೊಂಡು ಕೈ ಎತ್ತಿದರೆ ಎಳೆಯುತ್ತದೆ. ಚರ್ಮದ ಕೆಳಗಿನ ಸಣ್ಣ ರಕ್ತನಾಳ ಗಟ್ಟಿಯಾಗಿರುವುದು, ಮಾಂಡರ್ಸ್ ಅನ್ನುತ್ತಾರೆ, ವಾರಗಳಲ್ಲಿ ಹೋಗುತ್ತದೆ. ಒಮ್ಮೆ ಡಾಕ್ಟರ್‌ಗೆ ತೋರಿಸಿದರೆ ಆಯಿತು.

ಮೂರನೇ ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದೂ ಇದೆ. ಯಾಕೆ ಬೇಕಿತ್ತು ಇದೆಲ್ಲ ಅನಿಸುತ್ತದೆ. ಅನಸ್ತೇಶಿಯಾ, ನಿದ್ದೆಗೆಟ್ಟ ರಾತ್ರಿಗಳು, ಬಲವಾದ ಮಾತ್ರೆ ಎಲ್ಲದರ ಪಾಲೂ ಇದೆ. ಆ ವಾರ ಯಾವ ತೀರ್ಮಾನಕ್ಕೂ ಬರಬೇಡಿ.

ಇವಕ್ಕೆ ಕಾಯಬೇಡಿ

ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯುತ್ತಿದ್ದದ್ದು ಏರಿದರೆ, ಅದರಲ್ಲೂ ಒಂದೇ ಬದಿ ಏರಿದರೆ, ಅದನ್ನು ಮಾತ್ರೆಯಿಂದ ಮುಚ್ಚಬೇಡಿ. ಮೊದಲ ಒಂದೆರಡು ದಿನದಲ್ಲಿ ಒಂದು ಎದೆ ಇದ್ದಕ್ಕಿದ್ದಂತೆ ಇನ್ನೊಂದಕ್ಕಿಂತ ದೊಡ್ಡದಾಗಿ, ಕಲ್ಲಿನಷ್ಟು ಗಟ್ಟಿಯಾಗಿ, ನೀಲಿಗಟ್ಟಿ ನೋಯುತ್ತಿದ್ದರೆ ಒಳಗೆ ರಕ್ತ ತುಂಬಿಕೊಳ್ಳುತ್ತಿರಬಹುದು. ಮಧ್ಯರಾತ್ರಿ ಆದರೂ ಹೊರಡಬೇಕು. ಜ್ವರ 100.4 ಫ್ಯಾರನ್‌ಹೀಟ್ ದಾಟಿದರೆ, ಎದೆ ಕೆಂಪಾಗಿ ಬಿಸಿಯಾದರೆ, ಹೊಲಿಗೆಯಿಂದ ಕೀವು, ವಾಸನೆ ಬಂದರೆ ಅವತ್ತೇ ತೋರಿಸಿ. ಪ್ಯಾರಸಿಟಮಾಲ್ ಜ್ವರವನ್ನೂ ಅಡಗಿಸುತ್ತದೆ ಅನ್ನುವುದು ನೆನಪಿರಲಿ, ಅದಕ್ಕೆ ಮಾತ್ರೆ ತೆಗೆದುಕೊಳ್ಳುವ ಮೊದಲು ಥರ್ಮಾಮೀಟರ್ ಇಟ್ಟು ನೋಡಿ. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಉಸಿರೆಳೆದಾಗ ಚುಚ್ಚುವುದು ಅಂದರೆ ನೇರ ಎಮರ್ಜೆನ್ಸಿಗೆ. ಸರ್ಜನ್ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, 108ಕ್ಕೆ ಮಾಡಿ.

ತಿಂಗಳುಗಳೋ ವರ್ಷಗಳೋ ಆದ ಮೇಲೆ ಎದೆ ಗಟ್ಟಿಯಾಗುತ್ತ ಬಂದು, ಆಕಾರ ಬದಲಾಗಿ ನೋಯತೊಡಗಿದರೆ ಇಂಪ್ಲಾಂಟ್ ಸುತ್ತ ದೇಹ ಕಟ್ಟುವ ಪೊರೆ ಬಿಗಿಯಾಗಿರಬಹುದು. ವರ್ಷ ಕಳೆದ ಮೇಲೆ ಹೊಸದಾಗಿ ಊತ ಬಂದರೂ ತೋರಿಸಲೇಬೇಕು. ಇಂಪ್ಲಾಂಟ್ ಕಾರ್ಡ್ ಅಂತ ಕೊಡುತ್ತಾರೆ, ಕಂಪನಿ, ಸೈಜ್, ಸೀರಿಯಲ್ ನಂಬರ್ ಇರುತ್ತದೆ, ಫೋಟೋ ತೆಗೆದು ಇಟ್ಟುಕೊಳ್ಳಿ. 2019ರಲ್ಲಿ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಎಂಬ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡಾಗ ಜನರಿಗೆ ಮೊದಲು ಬೇಕಾಗಿದ್ದು ತಮ್ಮೊಳಗೆ ಯಾವುದಿದೆ ಅನ್ನುವ ಈ ಮಾಹಿತಿಯೇ.

ಮತ್ತೆ ಓಡಾಟ

ಕೂತು ಮಾಡುವ ಕೆಲಸಕ್ಕೆ ಹೆಚ್ಚಿನವರು ಒಂದು ವಾರ, ಹತ್ತು ದಿನದಲ್ಲಿ ಮರಳುತ್ತಾರೆ. ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಬೇಡಿ. ಬಸ್ಸಿನಲ್ಲಿ, ಮೆಟ್ರೋದಲ್ಲಿ ಮೇಲಿನ ಹಿಡಿಕೆ ಹಿಡಿದು ನಿಲ್ಲುವುದು ಈಗಲೇ ಬೇಡ, ಸೀಟ್ ಸಿಗುವ ಹೊತ್ತಿಗೆ ಹೋಗಿ. ಆಟೋ, ಕಾರಿನಲ್ಲಿ ಹಂಪ್, ಗುಂಡಿಗಳೇ ಶತ್ರು, ಆ ಸಣ್ಣ ದಿಂಬು ಜೊತೆಗಿರಲಿ, ಸೀಟ್ ಬೆಲ್ಟ್ ಹಾಕಲೇಬೇಕು, ಬೆಲ್ಟ್ ಮತ್ತು ಎದೆಯ ಮಧ್ಯೆ ಮಡಚಿದ ಟವೆಲ್ ಇಟ್ಟುಕೊಳ್ಳಿ. ಸ್ಕೂಟರ್, ಕಾರು ಓಡಿಸುವುದು ಟ್ರಮಡಾಲ್ ಪೂರ್ತಿ ಬಿಟ್ಟ ಮೇಲೆ, ದಿಢೀರ್ ಬ್ರೇಕ್ ಹಾಕಿ ಹ್ಯಾಂಡಲ್ ತಿರುಗಿಸಿದರೂ ನೋಯದು ಅನ್ನುವ ಧೈರ್ಯ ಬಂದ ಮೇಲೆ, ಡಾಕ್ಟರ್ ಸರಿ ಅಂದ ಮೇಲೆ. ನಡಿಗೆ ಮೊದಲಿನಿಂದಲೂ ಸರಿ. ಸೂರ್ಯ ನಮಸ್ಕಾರ, ದಂಡ, ಜಿಮ್ಮಿನ ಎದೆ ವ್ಯಾಯಾಮಕ್ಕೆ ಕನಿಷ್ಠ ಆರು ವಾರ, ಇಂಪ್ಲಾಂಟ್ ಸ್ನಾಯುವಿನ ಅಡಿ ಇದ್ದವರಿಗೆ ಇನ್ನೂ ತಡ ಆಗಬಹುದು.

ದುಬೈಯಿಂದಲೋ ಅಮೆರಿಕದಿಂದಲೋ ರಜೆಗೆ ಬೆಂಗಳೂರಿಗೆ ಬಂದು ಮಾಡಿಸಿಕೊಳ್ಳುವವರು ವಾಪಸ್ ಟಿಕೆಟ್‌ನ್ನು ಬಿಗಿಯಾಗಿ ಬುಕ್ ಮಾಡಬೇಡಿ. ಚೆಕಪ್ ಮುಗಿದು, ಹಾರಬಹುದು ಅಂತ ಸರ್ಜನ್ ಹೇಳಿದ ಮೇಲಿನ ದಿನಾಂಕ ಇಟ್ಟುಕೊಳ್ಳಿ, ಬದಲಿಸಲು ಆಗುವ ಟಿಕೆಟ್ ಆದರೆ ಇನ್ನೂ ಒಳ್ಳೆಯದು. ವಿಮಾನದಲ್ಲಿ ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯಿರಿ. ಕೆಂಪೇಗೌಡ ಏರ್‌ಪೋರ್ಟಿನಲ್ಲಿ ಬೆಲ್ಟಿನ ಮೇಲೆ ಸೂಟ್‌ಕೇಸ್ ಇಡಲು ಜೊತೆಗೆ ಬಂದವರಿರುತ್ತಾರೆ. ಇಳಿಯುವ ಊರಿನಲ್ಲಿ ಅದನ್ನು ಬೆಲ್ಟಿನಿಂದ ಎತ್ತಿ ಕೆಳಗಿಡಲು ಯಾರಿದ್ದಾರೆ ಅಂತ ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ.